ಮುರಿಯದೆ ಬಾಗಿದ ಕೊಬ್ಬರಿ

ಹೋದ ತಿಂಗಳು ಅರಸೀಕೆರೆಯ ನನ್ನ ಅಂಗಡಿ ಮುಂದೆ ಒಂದು ಕೊಬ್ಬರಿ ಗಿಟುಕು ಒಡೆದೆ. ಚೂರೊಂದನ್ನು ಬೆರಳಲ್ಲಿ ಹಿಡಿದು ಮುರಿಯಲು ಹೋದೆ.

ಮುರಿಯಲಿಲ್ಲ. ಬಾಗಿತು.

ಒಳ್ಳೆ ಕೊಬ್ಬರಿ ಚಟ್ ಅಂತ ಮುರಿಯಬೇಕು. ಇದು ಕೈಬಿಟ್ಟರೆ ಮತ್ತೆ ನೆಟ್ಟಗಾಗುತ್ತಿತ್ತು, ರಬ್ಬರ್ ಥರ. ಪಕ್ಕದ ಅಂಗಡಿಯ ಬಸಣ್ಣ ಇಣುಕಿದ.

"ಏನ್ರೀ ಸಾವ್ಕಾರ್ರೇ, ಚಪ್ಪಲಿಗೆ ಅಟ್ಟೆ ಹಾಕಿಸ್ತೀರಾ? ಯಾರ್ದು ಮಾಲು?"

ನಾನು ಗಿಟುಕನ್ನು ಚೀಲದೊಳಗೆ ತುರುಕಿದೆ. ಮಾಲು ನನ್ನ ಅಕ್ಕನದು. ಹಗರೆ ಊರಿನ ಅವಳ ತೋಟದಿಂದ ಬಂದದ್ದು. ಈ ಪೇಟೆಯಲ್ಲಿ 'ಹಗರೆ ಅಕ್ಕನ ಕೊಬ್ಬರಿ' ಎಂದರೆ ಚೀಲ ಬಿಚ್ಚಿ ನೋಡದೆ ಕೊಳ್ಳುತ್ತಿದ್ದರು. ಅಂಥ ಹೆಸರು.

ಆ ಹೆಸರು ಕೆಡಿಸಿದವನು ನಾನು.

(ಈ ಅಂಕಣ ಓದುವವರು ನನ್ನನ್ನು ಬಲ್ಲಿರಿ. ಇದೇ ಪೇಟೆಯಲ್ಲಿ ಮೂಟೆ ಹೊತ್ತು, ಆಮೇಲೆ ಅಂಗಡಿ ಇಟ್ಟವನು. ಕೇಳದಿದ್ದರೂ ಸಲಹೆ ಕೊಡುವವನು.)

ನಾಲ್ಕು ವರ್ಷದ ಹಿಂದಿನ ಮಾತು. ಭಾವ ತೋಟಕ್ಕೆ ಸೂಪರ್ ಫಾಸ್ಫೇಟ್ ಇಳಿಸುತ್ತಿದ್ದರು. ಬೂದಿ ಬಣ್ಣದ ಗೊಬ್ಬರ, ಮೂಟೆ ಮೇಲೆ ಮೂಟೆ. ನನಗೆ ತಡೆಯಲಾಗಲಿಲ್ಲ.

"ಭಾವ, ಬೇಕಾಗಿರೋದು ರಂಜಕ ತಾನೇ? ಇದರ ಮೂರು ಮೂಟೆಲಿರೋದು ಒಂದು ಮೂಟೆ ಡಿಎಪಿಲಿ ಸಿಗುತ್ತೆ. ಸಾರಜನಕ ಬೇರೆ. ಸುಮ್ನೆ ಬೆನ್ನು ಮುರ್ಕೊಳ್ತೀರಲ್ಲ!"

"ನಮ್ಮಪ್ಪನ ಕಾಲ್ದಿಂದ್ಲೂ ಇದೇ ಹಾಕ್ಕೊಂಡು ಬಂದೀವಿ ಕಣಪ್ಪಾ..." ಎಂದು ಭಾವ ರಾಗ ಎಳೆದರು.

ಅಕ್ಕ ಅವರ ಬಾಯಿ ಮುಚ್ಚಿಸಿದಳು. "ಅವ್ನು ಯಾಪಾರ್ದಲ್ಲಿ ಯಾವತ್ತಾನ ಮೋಸ ಹೋಗವ್ನಾ? ಅವ್ನು ಹೇಳ್ದಂಗೆ ಮಾಡಿ."

ಸೂಪರ್ ನಿಂತಿತು. ಡಿಎಪಿ ಬಂತು. ಕೆಂಪು ಮಣ್ಣು, ಹುಳಿ ಜಾಸ್ತಿ ಅಂತ ಜೊತೆಗೆ ಸುಣ್ಣವನ್ನೂ ಹಾಕಿಸಿದೆ.

ತೋಟ ಹೇಗೆ ಎದ್ದಿತು ಅಂತೀರಿ! ಮೂರು ವರ್ಷ ಕೊಬ್ಬರಿ ಚಟ್ ಅಂತಲೇ ಮುರಿಯಿತು. ಇದೇ ಅಂಕಣದಲ್ಲಿ ಬರೆದು ಬೀಗಿದ್ದೆ. ನೆನಪಿದೆಯಾ? ನೆನಪಿಲ್ಲದಿದ್ದರೆ ನಿಮ್ಮ ತೋಟದ ಪುಣ್ಯ.

ನಾಲ್ಕನೇ ವರ್ಷ ಎಳೆ ಗರಿಗಳು ಹಳದಿಯಾದವು. ಭಾವ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದರು. ನಾನೇನಂದೆ ಗೊತ್ತೇ? "ಇನ್ನೊಂದು ಮೂಟೆ ಡಿಎಪಿ ಕೊಡಿ."

ಈಗ ಈ ರಬ್ಬರ್.

ಚೂರನ್ನು ಜೇಬಿಗೆ ಹಾಕಿಕೊಂಡು, ತೋಟದ ಮಣ್ಣು ಕಟ್ಟಿಕೊಂಡು ಮಣ್ಣು ಪರೀಕ್ಷೆ ಕೇಂದ್ರಕ್ಕೆ ಓಡಿದೆ. ಹಾಕಿದ ಗೊಬ್ಬರ, ಸುಣ್ಣದ ಕಥೆಯನ್ನೆಲ್ಲ ಹೇಳಿದೆ. ವಾರ ಬಿಟ್ಟು ಕರೆದರು. ಅಲ್ಲಿನ ಮೇಡಂ ರಿಪೋರ್ಟ್ ನೋಡಿ ತಲೆ ಎತ್ತಿದರು.

"ಸೂಪರ್‌ನಲ್ಲಿ ರಂಜಕದ ಜೊತೆ ಗಂಧಕವೂ ಇರುತ್ತೆ. ಸಲ್ಫೇಟ್ ರೂಪದಲ್ಲಿ. ಡಿಎಪಿಯಲ್ಲಿ ಅದಿಲ್ಲ. ಈ ಮಣ್ಣಲ್ಲಿ ಈಗ ಗಂಧಕ ಖಾಲಿ, ಕೊಬ್ಬರಿ ರಬ್ಬರ್ ಆಗಿರೋದು ಅದಕ್ಕೇ. ಗೊತ್ತಿರಲಿಲ್ವಾ?"

ಇರಲಿಲ್ಲ. ಮೂಟೆ ಮೇಲಿನ ದಪ್ಪಕ್ಷರ ಮಾತ್ರ ಓದಿದವನು ನಾನು.

"ಮತ್ತೆ ಮೊದಲು ಅಷ್ಟು ಚೆನ್ನಾಗಿ ಬಂತಲ್ಲ ಮೇಡಂ?"

"ಹಳೇಬೀಡು ಬಸ್ಸಲ್ಲಿ ಓಡಾಡಿದ್ದೀರಲ್ಲ? ಹಾಗೇ ಕೆಂಪು ಮಣ್ಣಿನ ಕಣದ ಮೇಲೆ ಸಲ್ಫೇಟ್ ಸೀಟು ಹಿಡಿದು ಕೂತಿರುತ್ತೆ. ಮಳೆ ಬಂದರೆ ಎಲ್ಲವೂ ಒಟ್ಟಿಗೆ ಇಳಿದು ಹೋಗಲ್ಲ. ಆದರೆ ಫಾಸ್ಫೇಟ್, ಅಂದ್ರೆ ನಿಮ್ಮ ರಂಜಕ, ಹತ್ತಿದರೆ ಅದನ್ನ ಎಬ್ಬಿಸಿ ತಾನು ಕೂರುತ್ತೆ. ಸುಣ್ಣ ಹಾಕಿದರೆ ಸೀಟೇ ಕಡಿಮೆ. ಸೂಪರ್ ಹಾಕುವಾಗ ಎದ್ದುಹೋದಷ್ಟು ಸಲ್ಫೇಟ್ ಮತ್ತೆ ಬರ್ತಿತ್ತು. ನೀವು ಬರೀ ಎಬ್ಬಿಸೋನನ್ನೇ ಹತ್ತಿಸಿದ್ರಿ. ಎದ್ದಿದ್ದನ್ನ ಮರ ತಿಂದು ಒಂದು ವರ್ಷ ನಳನಳಿಸ್ತು. ಮಿಕ್ಕಿದ್ದನ್ನ ಮಳೆ ಬೇರಿಗೆ ಸಿಗದಷ್ಟು ಕೆಳಗೆ ಇಳಿಸ್ತು."

ವಾಪಸ್ ಬರುವಾಗ ಬಸ್ಸಲ್ಲಿ ನಿಂತೇ ಬಂದೆ. ಲೆಕ್ಕ ಹಾಕುತ್ತಾ.

ಹೂವು ಕಾಯಾಗಿ ಬಲಿಯಲು ಒಂದು ವರ್ಷ. ಕಾಯಿ ಅಟ್ಟಕ್ಕೇರಿ, ಒಳಗಿನ ನೀರು ಇಂಗಿ, ಅಲ್ಲಾಡಿಸಿದರೆ ಗಿಟುಕು ಲೊಟಲೊಟ ಅನ್ನಲು ಇನ್ನೊಂದು ವರ್ಷ. ಅಂದರೆ ನಾನು ಬೀಗಿದ ಮೊದಲೆರಡು ವರ್ಷದ ಕೊಬ್ಬರಿ ನನ್ನ ಸಲಹೆಗಿಂತ ಮುಂಚೆಯೇ ಹೂವಾಗಿದ್ದದ್ದು! ಭಾವನ ಬೂದಿ ಬಣ್ಣದ ಗೊಬ್ಬರದ್ದು. ಮೂರನೆಯದು ಆ ಮಣ್ಣು ಹಿಡಿದಿಟ್ಟುಕೊಂಡಿದ್ದನ್ನು ನಾನು ಎಬ್ಬಿಸಿ ಉಣ್ಣಿಸಿದ್ದು. ನನ್ನದು ಅಂತ ಬಂದದ್ದು ಯಾವುದು? ಈ ರಬ್ಬರ್ ಒಂದೇ.

ಹಗರೆಗೆ ಹೋಗಿ ಎಲ್ಲ ಹೇಳಿದೆ. ಸೂಪರ್ ಮತ್ತೆ ಶುರು ಮಾಡಿದರೆ, ಇಲ್ಲವೇ ಜಿಪ್ಸಂ ಕೊಟ್ಟರೆ, ಮಣ್ಣು ಗಂಧಕವನ್ನು ಮತ್ತೆ ಮೆಲ್ಲಗೆ ಹಿಡಿದುಕೊಳ್ಳುತ್ತದೆ ಎಂದೆ. ಭಾವ ಒಂದು ಮಾತೂ ಬೈಯಲಿಲ್ಲ. (ಬೈದಿದ್ದರೆ ಚೆನ್ನಾಗಿತ್ತು.) ಟವೆಲ್ ಕೊಡವಿ ತೋಟದ ಕಡೆ ಹೋದರು.

ಅಕ್ಕ ತಲೆ ಎತ್ತಿ ಅಟ್ಟ ನೋಡಿದಳು. ಒಂದು ವರ್ಷದ ಕಾಯಿ ಅಲ್ಲಿ ಒಣಗುತ್ತಿತ್ತು.

"ಇದು?"

"ಇದೂ ಅಷ್ಟೇ ಅಕ್ಕ."

"ಮರದಲ್ಲಿರೋದು?"

"ಅದೂ ಅಕ್ಕ."

ಸೂಪರ್ ಬಿಟ್ಟು ಡಿಎಪಿ ಹಿಡಿದವರೇ, ಇವತ್ತೇ ಮಣ್ಣು ಪರೀಕ್ಷೆಗೆ ಕೊಡಿ. ಗಿಟುಕು ಲೊಟಲೊಟ ಅನ್ನುವುದನ್ನು ನಂಬಬೇಡಿ, ರಬ್ಬರ್ ಕೂಡ ಹಾಗೇ ಅನ್ನುತ್ತದೆ. ಅಟ್ಟದಿಂದ ಇಳಿಯುವ ಕೊಬ್ಬರಿ ಹಿಂದಿನ ಕಾಲದ ಸುದ್ದಿ ಹೇಳುತ್ತದೆ, ಈಗಿನದ್ದಲ್ಲ. ಅಂಗಡಿ ಮುಂದೆ ನಿಂತು ಸಲಹೆ ಕೊಡುವವನು ಎಷ್ಟೇ ಹತ್ತಿರದವನಾಗಲಿ, ಅವನನ್ನೂ ನಂಬಬೇಡಿ.

ಹೊರಡುವಾಗ ಅಕ್ಕ ಬಾಗಿಲ ತನಕ ಬಂದಳು. "ಪ್ಯಾಟೇಲಿ ಯಾರ್ದು ಮಾಲು ಅಂತ ಕೇಳುದ್ರೆ ನನ್ನ ಹೆಸ್ರು ಹೇಳ್ಬ್ಯಾಡ ಕಣೋ. ನಿಂದೇ ಅನ್ನು."

ನಿನ್ನೆ ಬಸಣ್ಣ ಮತ್ತೆ ಕೇಳಿದ. ನಂದೇ ಅಂದೆ. ಸುಳ್ಳಾ, ಹೇಳಿ?