ಬ್ಯಾಂಡಿಗೆ ಸಿಕ್ಕ ಇನ್ನೊಂದು ಸೀಟು

ನಾನು ನ್ಯೂ ಜೆರ್ಸಿಯ ಒಂದು ಯೂನಿವರ್ಸಿಟಿಯ ಕ್ರೀಡಾ ವಿಭಾಗದಲ್ಲಿ ಖರ್ಚುವೆಚ್ಚ ನೋಡಿಕೊಳ್ಳುವವನು. ನಮ್ಮೂರು ಎಡಿಸನ್ನಿನ ಕನ್ನಡದ ಸ್ನೇಹಿತರಿಗೆ ಇದೊಂದು ಕೆಲಸ ಅಂತಲೇ ಅನ್ನಿಸುವುದಿಲ್ಲ. "ಫುಟ್‌ಬಾಲಿಗೆ ಲೆಕ್ಕ ಬರಿಯೋದಕ್ಕೂ ಸಂಬಳ ಕೊಡ್ತಾರೇನ್ರೀ?" ಎಂದು ಯಾರಾದರೂ ಕೇಳದ ಪಾರ್ಟಿಯಿಲ್ಲ. ಕೇಳಿದವರನ್ನು ನಾನೂ ಸುಮ್ಮನೆ ಬಿಡುವವನಲ್ಲ. ತಟ್ಟೆ ಹಿಡಿದು ನಿಂತವರನ್ನು ಮೂಲೆಗೆ ತಳ್ಳಿ, ಬೌಲ್ ಹಣ ಹೇಗೆ ಹಂಚಿಕೆಯಾಗುತ್ತದೆ ಎಂದು ಪಾಠ ಶುರುಮಾಡುತ್ತೇನೆ.

ಅಮೆರಿಕನ್ ಫುಟ್‌ಬಾಲಿನ ಸೀಸನ್ ಮುಗಿದ ಮೇಲೆ ಚೆನ್ನಾಗಿ ಆಡಿದ ಕಾಲೇಜು ತಂಡಗಳನ್ನು ಬೌಲ್ ಎಂಬ ವಿಶೇಷ ಪಂದ್ಯಗಳಿಗೆ ಕರೆಯುತ್ತಾರೆ. ಟೀವಿ, ಜಾಹೀರಾತು, ಟಿಕೆಟ್ಟು ಅಂತ ಅಲ್ಲಿ ದೊಡ್ಡ ದುಡ್ಡು ಓಡಾಡುತ್ತದೆ. ಆದರೆ ಅದು ಆಡಿದ ಕಾಲೇಜಿನ ಕೈಗೆ ನೇರವಾಗಿ ಬರುವುದಿಲ್ಲ. ಆ ಕಾಲೇಜು ಸೇರಿರುವ ಕಾನ್ಫರೆನ್ಸಿಗೆ, ಅಂದರೆ ಹಲವು ಕಾಲೇಜುಗಳು ಸೇರಿ ಮಾಡಿಕೊಂಡ ಕೂಟಕ್ಕೆ ಹೋಗುತ್ತದೆ. ನಮ್ಮ ಕೂಟದವರು ಆಡಲು ಹೋದ ತಂಡಕ್ಕೆ ಪ್ರಯಾಣದ ಖರ್ಚು ಕೊಟ್ಟು, ಉಳಿದದ್ದನ್ನು ಎಲ್ಲರಿಗೂ ಸಮನಾಗಿ ಹಂಚುತ್ತಾರೆ. ಗೆದ್ದವರಿಗೂ ಅಷ್ಟೇ, ವರ್ಷವಿಡೀ ಸೋತು ಮನೆಯಲ್ಲಿ ಕೂತವರಿಗೂ ಅಷ್ಟೇ. ನಾವು ಬಹಳ ಕಾಲ ಮನೆಯಲ್ಲಿ ಕೂತವರ ಗುಂಪಿನಲ್ಲೇ ಇದ್ದೆವು. ಆದರೂ ನಮ್ಮ ಪಾಲು ತಪ್ಪದೆ ಬರುತ್ತಿತ್ತು. "ನಮ್ಮಲ್ಲಿ ಪಂಕ್ತಿಭೇದ ಇಲ್ಲ ಕಣ್ರೀ" ಎಂದು ನಾನು ಜಂಬ ಕೊಚ್ಚುತ್ತಿದ್ದೆ, ಆ ನಿಯಮವನ್ನು ನಾನೇ ಮಾಡಿದವನ ಹಾಗೆ.

ಕಳೆದ ಚಳಿಗಾಲದಲ್ಲಿ ನಮಗೂ ಕರೆ ಬಂತು. ದಕ್ಷಿಣದ ಬೆಚ್ಚಗಿನ ಊರೊಂದರಲ್ಲಿ ಪಂದ್ಯ. ಕೂಟದವರು ಕೊಡುವ ಪ್ರಯಾಣದ ಹಣಕ್ಕೆ ಒಂದು ಮಿತಿಯಿದೆ, ಅದನ್ನು ಮೀರಿದರೆ ನಮ್ಮ ಕೈಯಿಂದಲೇ ಹಾಕಬೇಕು. ಆಟಗಾರರನ್ನು ಬಿಡುವ ಹಾಗಿಲ್ಲ. ಕೋಚುಗಳ ಹೆಂಡತಿ ಮಕ್ಕಳನ್ನು ಬಿಡುವ ಹಾಗಿಲ್ಲ. ದೇಣಿಗೆ ಕೊಡುವ ದೊಡ್ಡ ಮನುಷ್ಯರ ವಿಷಯವಂತೂ ಕೇಳಲೇಬೇಡಿ. ಹೀಗಾಗಿ ಕತ್ತರಿ ಬಿದ್ದದ್ದು ನಮ್ಮ ವಿದ್ಯಾರ್ಥಿಗಳ ವಾದ್ಯದ ಬ್ಯಾಂಡಿಗೆ. ಪ್ರತಿ ಪಂದ್ಯಕ್ಕೂ ಬೆರಳು ಮರಗಟ್ಟುವ ಚಳಿಯಲ್ಲಿ ನಿಂತು ಊದಿದ ಮಕ್ಕಳಲ್ಲಿ ಅರ್ಧದಷ್ಟು ಮಂದಿಗೆ ಮಾತ್ರ ವಿಮಾನದಲ್ಲಿ ಜಾಗ. ಕತ್ತರಿ ಹಿಡಿದವನು ನಾನೇ.

ನನ್ನ ಮಗಳು ಅದೇ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುತ್ತಾಳೆ. ಆಗಿನ್ನೂ ಮೊದಲ ವರ್ಷ. ಹಿರಿಯರಿಗೆ ಮೊದಲ ಅವಕಾಶ ಅನ್ನುವುದು ಬ್ಯಾಂಡಿನ ಪದ್ಧತಿ, ಹಾಗಾಗಿ ಅವಳಿಗೆ ಹೋಗುವ ಆಸೆಯೂ ಇರಲಿಲ್ಲ. ಆದರೆ ಕ್ಲಾರಿನೆಟ್ಟಿನವರಿಗೆ ಸಿಕ್ಕ ಜಾಗ ಸಾಲದೆ ಕೊನೆಯ ವರ್ಷದ ಒಬ್ಬ ಹುಡುಗಿಯೂ ಉಳಿದುಹೋಗಿದ್ದಳು. ಹತ್ತಿರದ ಓಲ್ಡ್ ಬ್ರಿಡ್ಜ್ ಎಂಬ ಊರಿನವಳು. ಪ್ರಾಕ್ಟೀಸ್ ಮುಗಿಸಿ ಮನೆಗೆ ಹೋಗುವಾಗ ನನ್ನ ಮಗಳನ್ನು ತನ್ನ ಕಾರಿನಲ್ಲಿ ನಮ್ಮ ಮನೆ ಬಾಗಿಲಿಗೆ ಬಿಟ್ಟು ಹೋಗುತ್ತಿದ್ದವಳು ಅವಳೇ. ನನ್ನ ಹೆಂಡತಿ ಕೊಟ್ಟ ಚಿತ್ರಾನ್ನವನ್ನು ಕಾರಿನಲ್ಲೇ ತಿಂದು, ಡಬ್ಬಿ ತೊಳೆದು ಮರುದಿನ ತಂದುಕೊಡುತ್ತಿದ್ದಳು.

ಬ್ಯಾಂಡಿನ ಮೇಷ್ಟ್ರು ನನ್ನ ಆಫೀಸಿಗೆ ಬಂದರು. ಹೇಗಾದರೂ ಇನ್ನೊಂದು ಸೀಟು ಹೊಂದಿಸಿ, ಕೊನೆಯ ವರ್ಷದ ಹುಡುಗಿಯೊಬ್ಬಳು ಉಳಿದಿದ್ದಾಳೆ, ಅವಳಿಗೆ ಇನ್ನು ಇಂಥ ಅವಕಾಶ ಸಿಗುವುದಿಲ್ಲ ಎಂದು ಬೇಡಿಕೊಂಡರು. ಹೋಟೆಲಿನ ಖರ್ಚಿನಲ್ಲಿ ಅಲ್ಲಿ ಇಲ್ಲಿ ಉಳಿಸಿ ಹೊಂದಿಸಿದೆ. ಅವರು ಎದ್ದು ಬಾಗಿಲ ತನಕ ಹೋದವರು ತಿರುಗಿ, ನಿಮ್ಮ ಮಗಳದೂ ಕ್ಲಾರಿನೆಟ್ ಅಲ್ಲವೇ ಎಂದು ಕೇಳಿದರು. ಹೌದು ಎಂದೆ. ಅವರು ನನ್ನ ಮುಖವನ್ನೇ ನೋಡುತ್ತ ನಿಂತರು. ಬ್ಯಾಂಡಿನ ಮುಂದಿನ ವರ್ಷದ ಬಜೆಟ್ಟೂ ನನ್ನ ಮೇಜಿಗೇ ಬರಬೇಕು ಅನ್ನುವುದು ಇಬ್ಬರಿಗೂ ಗೊತ್ತಿತ್ತು. ಆ ಹುಡುಗಿಯನ್ನೇ ಕರೆದುಕೊಂಡು ಹೋಗಿ ಎಂದು ನಾನು ಹೇಳಬೇಕಿತ್ತು. ಬಾಯಿ ಬಿದ್ದುಹೋಗಿರಲಿಲ್ಲ. ನಾನು ನಕ್ಕೆ, ಅಷ್ಟೇ. ಅವರೂ ನಕ್ಕು ಹೋದರು.

ಅವತ್ತು ಸಂಜೆ ಕೂಡ ಮಗಳನ್ನು ಮನೆಗೆ ಬಿಟ್ಟದ್ದು ಆ ಹುಡುಗಿಯೇ. ಮಗಳು ಶೂ ಕೂಡ ಬಿಚ್ಚದೆ ನನ್ನೆದುರು ಬಂದು ನಿಂತಳು.

"ಅಪ್ಪಾ, ನನ್ನ ಹೆಸರು ಬಂದಿದೆ. ಡಿಡ್ ಯು ಆಸ್ಕ್ ಹಿಮ್?"

"ಇಲ್ಲ ಪುಟ್ಟಾ, ನಾನೇನೂ ಕೇಳಿಲ್ಲ."

"ಪ್ರಾಮಿಸ್?"

"ಪ್ರಾಮಿಸ್."

ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ನನಗೆ ನನ್ನ ಮೇಲೆ ಹೇಸಿಗೆಯಾಗುವುದು ಅದಕ್ಕೇ. ಅವಳು ಮೇಲೆ ಹೋದ ನಂತರ ಹೆಂಡತಿ ಅಡುಗೆಮನೆಯಿಂದ, "ಕೇಳ್ದೇನೇ ಕೊಟ್ಬಿಟ್ರಾ?" ಎಂದಳು. "ನನಗೇನೇ ಗೊತ್ತು? ಹೋಗಿ ಅವರನ್ನೇ ಕೇಳು" ಎಂದು ರೇಗಿದೆ. ತಪ್ಪು ನನ್ನದಾದಾಗ ನನಗೆ ಸಿಟ್ಟು ಜಾಸ್ತಿ.

ಪಂದ್ಯದ ದಿನ ಸ್ನೇಹಿತರು ಪುಳಿಯೋಗರೆ ಮಾಡಿಕೊಂಡು ನಮ್ಮ ಮನೆಗೇ ಬಂದರು. ಹಾಫ್ ಟೈಮಿನಲ್ಲಿ ಮಗಳು ಕಾಣಿಸುತ್ತಾಳೆ ಎಂದು ಎಲ್ಲರೂ ಟೀವಿಯ ಹತ್ತಿರಕ್ಕೆ ಸರಿದೆವು. ಟೀವಿಯವರು ಬ್ಯಾಂಡನ್ನು ತೋರಿಸಲೇ ಇಲ್ಲ. ಸೂಟು ಹಾಕಿಕೊಂಡ ಗಂಡಸರು ಕೂತು ಮಾತಾಡಿದರು, ಕಾರಿನ ಜಾಹೀರಾತು ಬಂತು. ಆಗ ಒಬ್ಬರು, "ಅಪ್ಪ ಆಫೀಸಲ್ಲೇ ಇರುವಾಗ ಕೇಳ್ಬೇಕಾ, ಸೀಟು ಗ್ಯಾರಂಟಿ!" ಎಂದು ನನ್ನ ಬೆನ್ನು ತಟ್ಟಿದರು. ಮೆಚ್ಚಿಕೊಂಡೇ ಹೇಳಿದ್ದು. ಎಲ್ಲರೂ ನಕ್ಕರು. ಯಾರಾದರೂ ಬೈದಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾನು ನೀರು ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ಮಗಳನ್ನು ಕರೆತರಲು ನೆವಾರ್ಕ್ ಏರ್‌ಪೋರ್ಟಿಗೆ ಹೋಗಿದ್ದೆ. ಕಾರಿನಲ್ಲಿ ಅವಳು ತಾನಾಗಿಯೇ ಹೇಳಿದಳು. ಬಸ್ಸಿನಲ್ಲಿ ಹುಡುಗರು, ನಿಮ್ಮಪ್ಪನೇ ಮಾಡಿಸಿದ್ದು ಎಂದು ಕಿಚಾಯಿಸಿದರಂತೆ. ಅವಳು ಅವರ ಜೊತೆ ಜೋರಾಗಿ ಜಗಳವಾಡಿದಳಂತೆ. "ಐ ಟೋಲ್ಡ್ ದೆಮ್, ಮೈ ಡ್ಯಾಡ್ ವುಡ್ ನೆವರ್." ಓಲ್ಡ್ ಬ್ರಿಡ್ಜಿನ ಆ ಹುಡುಗಿಗೂ ಮೆಸೇಜ್ ಮಾಡಿ, ಅಪ್ಪ ಪ್ರಾಮಿಸ್ ಮಾಡಿದ್ದಾರೆ ಎಂದು ತಿಳಿಸಿದ್ದಳಂತೆ. ನಿಮ್ಮಪ್ಪ ಹಾಗೆ ಹೇಳಿದ್ದರೆ ನಾನು ನಂಬುತ್ತೇನೆ ಎಂದು ಅವಳು ಉತ್ತರ ಬರೆದಳಂತೆ. ನಾನು, "ಊಟ ಮಾಡಿದ್ಯಾ?" ಎಂದು ಕೇಳಿದೆ.

ಅದಾದ ಮೇಲೆ ಹೇಳಲು ಎಷ್ಟೋ ಅವಕಾಶಗಳಿದ್ದವು, ನಾನು ಹೇಳಲಿಲ್ಲ. ಈಗ ಇದನ್ನು ಬರೆಯುತ್ತಿರುವಾಗ ಮಗಳು ಹಿಂದಿನಿಂದ ಬಂದು ನನ್ನ ಭುಜದ ಮೇಲೆ ಗಲ್ಲವಿಟ್ಟು ಕಂಪ್ಯೂಟರ್ ನೋಡಿದಳು. ಏನು ಬರೀತಿದ್ದೀಯ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ಏನೋ ಆಫೀಸಿನ ವಿಷಯ ಎಂದೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಕಂಪ್ಯೂಟರ್ ಮುಚ್ಚುವ ಅಗತ್ಯವೂ ನನಗೆ ಬೀಳಲಿಲ್ಲ.