ಸ್ಟ್ರೌಟಿ ಮನೆಯ ಬಿಳಿ ಲೈಲಾಕ್

ಬೆಳಗಿನ ಐದು ಗಂಟೆ. ಹುಲ್ಲಿನ ಮೇಲಿನ ಇಬ್ಬನಿ ಇನ್ನೂ ಆರಿಲ್ಲ. ಸ್ಟ್ರೌಟಿ ಎಂಬ ಹೆಸರಷ್ಟೇ ಉಳಿದಿದೆ, ಮನೆ ಉಳಿದಿಲ್ಲ. ಹೊಸ್ತಿಲ ಕಲ್ಲಿನ ಪಕ್ಕ ಲೈಲಾಕ್ ಪೊದೆಯೊಂದು ಮೈತುಂಬ ಹೂ ಹೊತ್ತು ನಿಂತಿದೆ. ಲಾಟ್ವಿಯಾದ ಈ ಗುಡ್ಡಗಳಲ್ಲಿ ಮನೆ ಅಳಿದ ಜಾಗಕ್ಕೆ ಇದೇ ಗುರುತು. ಐವತ್ತೆಂಟರ ವೆಲ್ಟಾ ಗ್ರೀಸ್ಲೆ ಏಣಿ ಹತ್ತಿ, ನೇರಳೆ ಹೂಗಳ ನಡುವೆ ಬಿಳಿಯದನ್ನು ಅರಸುತ್ತಿದ್ದಾರೆ. ನಾಳೆ ಜಮೀನಿನ ಹೊಸ ಒಡೆಯ ಈ ಪೊದೆಯನ್ನು ಬುಡಸಮೇತ ಕೀಳಿಸಲಿದ್ದಾನೆ.

ಕೆಳಗೆ ಮಡಚುಕುರ್ಚಿಯಲ್ಲಿ ಕುಳಿತವರು ಎಂಬತ್ತೆರಡರ ಏರ್ನಾ, ಈ ಮನೆಯ ಮಗಳು.

"ಸಿಕ್ತೇನೇ? ಇಲ್ಲಾ, ಈ ಸಲಾನೂ ನೇರಳೆ ಕೊಟ್ಟು ಸಾಗಹಾಕ್ತೀಯಾ?"

"ಒಂದು ಗಳಿಗೆ ಸುಮ್ನಿರಿ ಏರ್ನಮ್ಮ. ನೀವು ಬಯ್ತಿದ್ರೆ ಏಣಿ ನಡುಗುತ್ತೆ."

ಕೆಲಸಕ್ಕಿದ್ದ ಸಸಿತೋಟ ಮುಚ್ಚಿದಾಗಿನಿಂದ, ಮೂವತ್ತೊಂದು ವರ್ಷ, ವೆಲ್ಟಾ ಪಾಳುಮನೆಗಳ ಲೈಲಾಕನ್ನು ಆ ಮನೆಗಳ ಮಕ್ಕಳಿಗೆ ತಲುಪಿಸುತ್ತ ಬಂದಿದ್ದಾರೆ. ಹೂವಿನ ಕಾಲ ಮೂರೇ ವಾರ. ದಿನಕ್ಕೆ ಮೂರು ಪಾಳುಮನೆ, ಇನ್ನೂರು ಕಡ್ಡಿ. ನೂರರಲ್ಲಿ ಮೂವತ್ತು ಬೇರು ಬಿಟ್ಟರೆ ಒಳ್ಳೆಯ ವರ್ಷ. ಬಿಸಿಲೇರಿದರೆ ಎಳೆಚಿಗುರು ಬಾಡುತ್ತದೆ, ಹಾಗಾಗಿ ಕೆಲಸವೆಲ್ಲ ಮುಂಜಾನೆಯೇ. ಸೊಂಟದ ನೋವು ಮಾತ್ರ ವರ್ಷವಿಡೀ.

ಏಳು ವರ್ಷಗಳ ಹಿಂದೆ, ಎಲೆಯುದುರುವ ಕಾಲದಲ್ಲಿ, ಏರ್ನಾ ಅಮ್ಮನ ಗಿಡ ಕೇಳಿ ಬಂದಿದ್ದರು. ವೆಲ್ಟಾ ಪೊದೆಯ ಬುಡದಿಂದೆದ್ದ ಮರಿಯೊಂದನ್ನು ಅಗೆದು ಕೊಟ್ಟರು. ಆ ಪೊದೆ ಕಸಿಗಿಡವೆಂಬುದು ಹೊಳೆಯಲಿಲ್ಲ. ಕಸಿಗಿಡದ ಬುಡದಿಂದೇಳುವುದು ಸಾಮಾನ್ಯ ನೇರಳೆಯೇ ಹೊರತು ಮೇಲೆ ಕಟ್ಟಿದ ಬಿಳಿಯಲ್ಲ. ನಾಲ್ಕನೆಯ ವರ್ಷ ಹೂ ಅರಳಿದ ದಿನ ಏರ್ನಾ ಫೋನ್ ಮಾಡಿ ಹೇಳಿದ್ದು ಇಷ್ಟೇ: "ಇದು ನಮ್ಮಮ್ಮಂದಲ್ಲ."

"ಆವತ್ತಿಂದ ಹೂ ಕಣ್ಣಾರೆ ನೋಡ್ದೆ ಒಂದು ಕಡ್ಡೀನೂ ಮುರ್ದಿಲ್ಲ," ಎನ್ನುತ್ತಾರೆ ವೆಲ್ಟಾ. ಪ್ರತಿ ಮೇ ತಿಂಗಳೂ ಇಲ್ಲಿಗೆ ಬಂದರು. ನೇರಳೆಯ ನೆರಳಲ್ಲಿ ಬಿಳಿಯ ಕೊಂಬೆ ಮೊಗ್ಗನ್ನೇ ಬಿಡುತ್ತಿರಲಿಲ್ಲ. ಕಳೆದ ವರ್ಷ ಅಡ್ಡವಾಗಿದ್ದ ನೇರಳೆ ಕೊಂಬೆಗಳನ್ನಷ್ಟೇ ಸವರಿ ಅದಕ್ಕೆ ಬೆಳಕು ಮಾಡಿಕೊಟ್ಟಿದ್ದರು.

ಮೇಲೆ ಕತ್ತರಿಯ ಸದ್ದಾಗುತ್ತದೆ. ಬಿಳಿಯ ಗೊಂಚಲೊಂದು ಏರ್ನಾರ ಮಡಿಲಿಗೆ ಬೀಳುತ್ತದೆ. ಅವರು ಮೂಸುತ್ತಾರೆ. ಒಂದು ಹೂವಿನ ಎಸಳು ಎಣಿಸುತ್ತಾರೆ.

"ಐದೆಸಳಿನ ಹೂ ಸಿಕ್ರೆ ಮನಸ್ಸಲ್ಲೇ ಬೇಡ್ಕೊಂಡು ನುಂಗ್ಬೇಕು, ಗೊತ್ತಲ್ಲ? ಬೇರೆಯವರ ಗಿಡದಲ್ಲಿ ನಾಲ್ಕೇ ಎಸಳು, ಹುಡುಕಿ ಹುಡುಕಿ ಸಾಯ್ಬೇಕು. ನಮ್ಮದ್ರಲ್ಲಿ ಎಲ್ಲಾದಕ್ಕೂ ಎಂಟು, ಹತ್ತು. ನಾವು ಹಿಡಿ ಹಿಡಿ ನುಂಗ್ತಿದ್ವಿ. ಅಮ್ಮ ಬಟ್ಟೆ ಹಿಂಡ್ತಾ, 'ದೇವರಿಗೂ ಸ್ವಲ್ಪ ಉಸಿರಾಡೋಕೆ ಬಿಡ್ರೇ' ಅಂತ ನಗೋಳು."

ಒದ್ದೆ ಬಟ್ಟೆಯಲ್ಲಿ ಸುತ್ತಿದ ಹತ್ತೊಂಬತ್ತು ಕಡ್ಡಿಗಳು ವೆಲ್ಟಾರ ಮನೆಯ ಕುಂಡಗಳನ್ನು ಸೇರುತ್ತವೆ. ಮರುದಿನ ಪೊದೆ ಇಲ್ಲವಾಗುತ್ತದೆ. ಏಳನೆಯ ವಾರ ಪ್ಲಾಸ್ಟಿಕ್ ಹೊದಿಕೆ ಸರಿಸಿದಾಗ ಹದಿನಾಲ್ಕು ಕಪ್ಪಾಗಿವೆ, ಐದು ಬೇರೂರಿವೆ.

ಕುಂಡದೊಂದಿಗೆ ಗುದ್ದಲಿಯನ್ನೂ ಹೊತ್ತು ವೆಲ್ಟಾ ಏರ್ನಾರ ಅಂಗಳಕ್ಕೆ ಹೋಗುತ್ತಾರೆ. "ಆ ನೇರಳೆ ಕಿತ್ತು ಅಲ್ಲೇ ಇದನ್ನ ನೆಡ್ತೀನಿ."

"ಮುಟ್ಟಿದ್ರೆ ನೋಡು! ಏಳು ವರ್ಷ ಬೆಳೆಸಿದೀನಿ, ಅದ್ರಲ್ಲಿ ಮೂರು ವರ್ಷ ಬಯ್ದು ಬಯ್ದು. ಪಕ್ಕದಲ್ಲಿ ನೆಡು."

ನೆಟ್ಟು, ನೀರೆರೆದು, ಕೈಯ ಮಣ್ಣು ಒರೆಸಿಕೊಳ್ಳುತ್ತ ವೆಲ್ಟಾ ನಗುತ್ತಾರೆ: "ಇನ್ನು ನನ್ನ ಬಯ್ಯೋಕೆ ಏರ್ನಮ್ಮ ಬೇರೆ ನೆಪ ಹುಡುಕ್ಬೇಕು."