ಫಟಫಟಿ ಕುಡಿದ ಎಣ್ಣೆ

ನಿಜಾಮರ ಕಾಲದಲ್ಲಿ ನಾನು ಜೇವರ್ಗಿಯಲ್ಲಿ ದನದ ಡಾಕ್ಟರ್. ಸೊಲ್ಲಾಪುರದಿಂದ ಒಂದು ಹಳೆಯ ಮೋಟಾರ್ ಸೈಕಲ್, ನಮ್ಮ ಕಡೆಯ ಮಾತಿನಲ್ಲಿ ಫಟಫಟಿ, ತಂದಿದ್ದೆ. ಎಂಜಿನ್ನಿನ ಎಣ್ಣೆಗೆ ಅದರ ಸೀಟಿನ ಕೆಳಗೆ ಬೇರೆಯೇ ಡಬ್ಬಿ ಇತ್ತು. ಒಮ್ಮೆ ಮಳೆ ಹಿಡಿದು, ಎರೆಮಣ್ಣಿನ ರಾಡಿಯಲ್ಲಿ ಗಾಲಿ ತಿರುಗದೆ, ಹದಿನೈದು ದಿನ ಅದನ್ನು ಅಂಗಳದ ತಗಡಿನ ಕೆಳಗೆ ನಿಲ್ಲಿಸಿಬಿಟ್ಟೆ. ಬಿಸಿಲು ಬಿದ್ದ ದಿನ ಡಬ್ಬಿ ತೆರೆದರೆ ತಳ ಕಾಣುತ್ತಿದೆ! ನೆಲದ ಮೇಲೆ ಒಂದು ಹನಿಯೂ ಇಲ್ಲ. ಅಂದಮೇಲೆ ಕಳವೇ.

ಸಿಟ್ಟು ನನಗೆ ಮೂಗಿನ ತುದಿಯಲ್ಲೇ. ಅಷ್ಟರಲ್ಲಿ ಪಕ್ಕದ ಮನೆಯ ರೈತನ ಎತ್ತಿನ ಚಕ್ಕಡಿ ಬಂತು. ದಿನವೂ ಊರೆಲ್ಲ ಕೇಳುವಂತೆ ಕಿರುಗುಟ್ಟುತ್ತಿದ್ದ ಆ ಚಕ್ಕಡಿ ಅಂದು ತುಟಿ ಪಿಟಕ್ಕೆನ್ನಲಿಲ್ಲ. ಸಿಕ್ಕಿಬಿದ್ದ ಮಗ ಅಂದುಕೊಂಡು, ಹಿಂದುಮುಂದು ನೋಡದೆ, “ನನ್ನ ಎಣ್ಣಿ ಕದ್ದು ಗಾಲಿಗೆ ಹಾಕೀಯೇನಲೇ?” ಎಂದು ಬೀದಿಯಲ್ಲೇ ಕೂಗಿದೆ.

ಚಕ್ಕಡಿಯಲ್ಲಿ ಅವನ ಮಗಳನ್ನು ನೋಡಲು ಬಂದ ಯಡ್ರಾಮಿಯವರು ಕೂತಿದ್ದರು, ವರ ಮತ್ತು ವರನ ತಂದೆ. ಅವರೆದುರು ಮರ್ಯಾದೆ ಹೋಗಬಾರದೆಂದು ಪಾಪ, ಅವನು ಮನೆಯ ಔಡಲೆಣ್ಣೆಯನ್ನೇ ಗಾಲಿಗೆ ಸುರಿದಿದ್ದನಂತೆ. ಕಳ್ಳನ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಅವನ ಮುಖ ಸಪ್ಪಗಾಯಿತು.

“ನಾ ಮುಟ್ಟಿಲ್ರಿ ಸಾಹೇಬ್ರ. ನನ್ನ ಮಗಳ ಆಣಿ” ಎಂದ.

ವರನ ತಂದೆ ಆಗಲೇ ಚಕ್ಕಡಿ ತಿರುಗಿಸಲು ಹೇಳುತ್ತಿದ್ದ. ನಾನೋ, ಠಾಣೆಗೇ ಹೋಗುತ್ತೇನೆಂದು ಹೊಸ ಎಣ್ಣೆ ಸುರಿದು ಫಟಫಟಿಯನ್ನು ಒದ್ದೆ. ಫಟಫಟಿಯನ್ನೇ ಕಂಡಿರದ ವರ ಕೆಳಗಿಳಿದು ಅದರ ಹಿಂದೆಯೇ ಬಂದು ನಿಂತಿದ್ದ. ನಾಲ್ಕನೇ ಒದೆಗೆ ಅದು ಕೆಮ್ಮಿ, ಬೀದಿ ತುಂಬ ಬಿಳಿ ಹೊಗೆ ಬಿಟ್ಟು, ಅವನ ಮೇಲೆ ಪಿಚಕಾರಿಯಂತೆ ಎಣ್ಣೆ ಕಕ್ಕಿತು.

ನಿಂತ ಗಾಡಿಯಲ್ಲಿ ಎಣ್ಣೆ ಡಬ್ಬಿಯಿಂದ ಸದ್ದಿಲ್ಲದೆ ಎಂಜಿನ್ನಿನ ಹೊಟ್ಟೆಗೆ ಇಳಿಯುತ್ತದೆಂದು ನನಗೇನು ಗೊತ್ತು! ತಳದ ಬೋಲ್ಟು ಬಿಚ್ಚಿದರೆ ಇನ್ನೂ ಒಂದು ತಂಬಿಗೆ ಬಂತು. ದನಗಳ ಹೊಟ್ಟೆಯುಬ್ಬರ ನೋಡುವ ನನಗೆ ನನ್ನ ಗಾಡಿಯದೇ ತಿಳಿಯಲಿಲ್ಲ. ನಾಚಿಕೆಯಿಂದ ಸತ್ತೇ ಹೋದೆ. ಎಲ್ಲರೆದುರು ಆ ರೈತನಿಗೆ ಕೈಮುಗಿದು, ತಪ್ಪು ನನ್ನದು ಎಂದೆ.

ವರನ ತಂದೆ ಇಳಿದು ಬಂದು, ಎಣ್ಣೆ ಸೋರುತ್ತಿದ್ದ ಮಗನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

“ಹೆಣ್ಣು ನೋಡೂಕಿಂತ ಮೊದ್ಲ ಡಾಕ್ಟರ್ ಸಾಹೇಬ್ರು ಮದುಮಗಗ ಎಣ್ಣಿ ಹಚ್ಚಿಬಿಟ್ರು. ಇನ್ನ ಅರಿಶಿಣ ಒಂದ ಬಾಕಿ. ಎಣ್ಣಿ ಹಚ್ಚಿದ ಮ್ಯಾಲ ಲಗ್ನ ಬಿಡಾಕ ಬರ್ತದೇನ್ರಿ ಬೀಗ್ರ?”

ಅಲ್ಲಿಯವರೆಗೆ ತಡೆದುಕೊಂಡಿದ್ದ ಆ ರೈತ ಚಕ್ಕಡಿಯ ಗಾಲಿ ಹಿಡಿದುಕೊಂಡು ಅತ್ತುಬಿಟ್ಟ.